ಹೋಮಿ ಜಹಾಂಗೀರ್ ಭಾಭಾ: ರಜೆಗೆ ಬಂದು ಉಳಿದುಕೊಂಡ ವಿಜ್ಞಾನಿ



ಈ ಸಲದ ಸಂಚಿಕೆಗೆ ಒಬ್ಬೊಬ್ಬರು ಒಬ್ಬ ಮಹನೀಯರ ಜೀವನ ಬರೆದು ಕೊಡಬೇಕೆಂದು ಕನ್ನಡ ಸರ್ ಹೇಳಿದ ದಿನ ವಿಶ್ವೇಶ್ವರಯ್ಯ, ಅಬ್ದುಲ್ ಕಲಾಂ, ನಮ್ಮ ಶಿಶುನಾಳ ಶರೀಫರು ಎಲ್ಲರೂ ಐದೇ ನಿಮಿಷದಲ್ಲಿ ಖಾಲಿಯಾದರು. ನಾನು ಹೋಮಿ ಭಾಭಾ ಎಂದೆ. ಹಿಂದಿನ ಬೆಂಚಿನವರು ನಕ್ಕರು. ಕಾಮರ್ಸ್ ಓದುವವರಿಗೆ ಪರಮಾಣು ವಿಜ್ಞಾನಿಯ ಉಸಾಬರಿ ಯಾಕೆ ಎಂಬುದು ಅವರ ಪ್ರಶ್ನೆ. ಕಾರಣ ಹೇಳಿ ಮುಂದೆ ಹೋಗುತ್ತೇನೆ.

ನನ್ನ ಖಾಲಾ ಅವರ ಮಗ ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದಾನೆ. ನಾವೆಲ್ಲ ಅವನನ್ನು ಭಾಯಿಜಾನ್ ಅನ್ನುತ್ತೇವೆ. ರಂಜಾನ್ ಹಬ್ಬಕ್ಕೆ ಹಾನಗಲ್ಲಿಗೆ ಬಂದವನು ಶೀರ್ ಖುರ್ಮಾದ ಬಟ್ಟಲನ್ನು ಪಕ್ಕದಲ್ಲಿ ಆರಲು ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಅದು ಅವನ ಮೊದಲ ಸಂಶೋಧನಾ ಪ್ರಾಜೆಕ್ಟ್. ಕಣ್ಣಿಗೆ ಕಾಣದ ಕಣಗಳನ್ನು ಹಿಡಿದು ಅವುಗಳ ಶಕ್ತಿ ಅಳೆಯುವ ಯಂತ್ರಕ್ಕೆ ಡಿಟೆಕ್ಟರ್ ಎನ್ನುತ್ತಾರೆ. ನಿಜವಾದ ಡಿಟೆಕ್ಟರ್ ಕಟ್ಟಲು ಕೋಟಿಗಟ್ಟಲೆ ಹಣ ಬೇಕು. ಆದ್ದರಿಂದ ಮೊದಲು ಕಂಪ್ಯೂಟರಿನೊಳಗೇ ಅದನ್ನು ಕಟ್ಟಿ, ಕಣಗಳನ್ನು ಹಾಯಿಸಿ, ಏನಾಗುತ್ತದೆ ಎಂದು ನೋಡುತ್ತಾರೆ. ಭಾಯಿಜಾನ್ ಒಂದು ಸೀಸದ ಗಟ್ಟಿ ಮಾಡಿಕೊಂಡು, ಅದರೊಳಗೆ ಒಂದೊಂದೇ ಎಲೆಕ್ಟ್ರಾನ್ ಕಳಿಸಿ ಲೆಕ್ಕ ಬರೆಯುತ್ತಿದ್ದ. ಆ ಲೆಕ್ಕ ಮಾತ್ರ ಕೂಡಿ ಬರುತ್ತಿರಲಿಲ್ಲ. ಸೀಸದೊಳಗೆ ಹೀಗೆಯೇ ಆಗುತ್ತದೆ ಎಂದು ಮೊದಲು ಲೆಕ್ಕ ಹಾಕಿದವರು ಯಾರು ಎಂದು ಕೇಳಿದೆ. ಭಾಭಾ ಎಂದ. ನನಗೆ ಆ ಹೆಸರು ಸಾಮಾನ್ಯ ಜ್ಞಾನದ ಪುಸ್ತಕದ ಒಂದು ಸಾಲಿನ ಉತ್ತರವಾಗಿ ಮಾತ್ರ ಗೊತ್ತಿತ್ತು. ಅಂದಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಅವರು ನಮ್ಮ ರಾಜ್ಯಕ್ಕೂ ನಮ್ಮ ಮನೆಯ ಚರ್ಚೆಗೂ ಹತ್ತಿರದವರಾಗಿ ಕಂಡರು.

ಮನೆತನ

ಹೋಮಿ ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಪಾರ್ಸಿ ಕುಟುಂಬದಲ್ಲಿ. ಅವರಿಗೆ ಇಟ್ಟದ್ದು ಅಜ್ಜನ ಹೆಸರು. ಆ ಅಜ್ಜ ಹೊರ್ಮುಸ್‌ಜಿ ಭಾಭಾ ಅವರು ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಬೆಂಗಳೂರಿನಲ್ಲಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಓದಿ ವಕೀಲರಾದರು. ಸೋದರತ್ತೆ ಮೆಹರಬಾಯಿ ಅವರನ್ನು ಟಾಟಾ ಮನೆತನದ ಸರ್ ದೋರಾಬ್‌ಜಿ ಅವರಿಗೆ ಮದುವೆ ಮಾಡಿ ಕೊಟ್ಟಿದ್ದರು. ಹೀಗಾಗಿ ಹುಡುಗನಿಗೆ ಪುಸ್ತಕಕ್ಕಾಗಲಿ ಸಂಗೀತಕ್ಕಾಗಲಿ ಕೊರತೆ ಇರಲಿಲ್ಲ. ಚಿಕ್ಕಂದಿನಲ್ಲಿ ಮಗು ಬಹಳ ಕಡಿಮೆ ನಿದ್ದೆ ಮಾಡುತ್ತಿತ್ತಂತೆ. ತಂದೆತಾಯಿ ಹೆದರಿ ವೈದ್ಯರಿಗೆ ತೋರಿಸಿದರೆ, ಇದು ಕಾಯಿಲೆಯಲ್ಲ, ಮಗುವಿನ ತಲೆ ತುಂಬ ಚುರುಕಾಗಿದೆ, ಅಷ್ಟೇ ಎಂದು ಕಳಿಸಿದರಂತೆ. ಶಾಲೆಯಲ್ಲಿರುವಾಗಲೇ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪುಸ್ತಕ ಓದಿದ್ದರು. ಚಿತ್ರ ಬರೆಯುವುದನ್ನೂ ಆಗಲೇ ಕಲಿತರು, ಕಡೆಯವರೆಗೂ ಬಿಡಲಿಲ್ಲ.

ಅಪ್ಪನ ಮಾತು, ಮಗನ ಮನಸ್ಸು

1927ರಲ್ಲಿ ಅವರನ್ನು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಕಳಿಸಿದರು. ಓದಬೇಕಾದದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಮನೆಯ ಹಿರಿಯರ ಲೆಕ್ಕ ಸ್ಪಷ್ಟವಾಗಿತ್ತು: ಹುಡುಗ ಇಂಜಿನಿಯರ್ ಆಗಬೇಕು, ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿ ದೊಡ್ಡ ಕೆಲಸಕ್ಕೆ ಸೇರಬೇಕು. ಕೆಲಸ ಕಾದಿತ್ತು, ಸಂಬಂಧವಿತ್ತು, ಹಣವಿತ್ತು. ಆದರೆ ಕೇಂಬ್ರಿಡ್ಜಿನಲ್ಲಿ ಆಗ ಪಾಲ್ ಡಿರಾಕ್ ಅಂಥವರು ಪಾಠ ಹೇಳುತ್ತಿದ್ದರು. ಹುಡುಗನ ಮನಸ್ಸು ಗಣಿತಕ್ಕೂ ಭೌತಶಾಸ್ತ್ರಕ್ಕೂ ಹೋಯಿತು.

1928ರಲ್ಲಿ ಅವರು ತಂದೆಗೆ ಪತ್ರ ಬರೆದರು. ವ್ಯಾಪಾರವಾಗಲಿ ಇಂಜಿನಿಯರ್ ಕೆಲಸವಾಗಲಿ ತನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ, ಭೌತಶಾಸ್ತ್ರವೇ ತನ್ನ ದಾರಿ ಎಂದು ಬಿಚ್ಚಿ ಹೇಳಿದರು. ಆಗ ಅವರಿಗೆ ಹತ್ತೊಂಬತ್ತೂ ತುಂಬಿರಲಿಲ್ಲ, ಎಂದರೆ ನಮಗಿಂತ ಒಂದೆರಡು ವರ್ಷ ದೊಡ್ಡವರು, ಅಷ್ಟೇ. ತಂದೆ ಸಿಟ್ಟಾಗಲಿಲ್ಲ. ಹಾಗೆಂದು ತಕ್ಷಣ ಒಪ್ಪಲೂ ಇಲ್ಲ. ಒಂದು ಷರತ್ತು ಹಾಕಿದರು: ಹಿಡಿದ ಇಂಜಿನಿಯರಿಂಗ್ ಓದನ್ನು ಮೊದಲ ದರ್ಜೆಯಲ್ಲಿ ಮುಗಿಸಬೇಕು, ಮುಗಿಸಿದರೆ ಇನ್ನೆರಡು ವರ್ಷ ಗಣಿತ ಓದಲು ಹಣ ಕೊಡುತ್ತೇನೆ. ಮಗ 1930ರಲ್ಲಿ ಮೊದಲ ದರ್ಜೆಯಲ್ಲಿ ಇಂಜಿನಿಯರಿಂಗ್ ಮುಗಿಸಿದರು. ತಂದೆ ಮಾತಿನಂತೆ ನಡೆದುಕೊಂಡರು. 1932ರಲ್ಲಿ ಗಣಿತದಲ್ಲೂ ಮೊದಲ ದರ್ಜೆ ಬಂತು.

ಈ ಜಾಗದಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಭಾಯಿಜಾನ್‌ನದೂ ಇದೇ ಕಥೆ. ಪಿಯುಸಿ ಆದ ಮೇಲೆ ಇಂಜಿನಿಯರಿಂಗ್ ಸೀಟು ಸಿಕ್ಕರೂ ಬಿ.ಎಸ್‌ಸಿ. ಸೇರಿದ. ನಮ್ಮ ಖಾಲು ಅವರದು ಒಂದು ಚಿಕ್ಕ ಅಂಗಡಿ. ಟಾಟಾ ಸಂಬಂಧವೂ ಇಲ್ಲ, ಕಾದಿರುವ ಕೆಲಸವೂ ಇಲ್ಲ. ಎಂ.ಎಸ್‌ಸಿ.ಯ ಎರಡು ವರ್ಷ ಓದಿಸುತ್ತೇನೆ, ಆಮೇಲೆ ನೌಕರಿ ಸಿಗದಿದ್ದರೆ ಅಂಗಡಿಗೆ ಬಂದು ಕೂರಬೇಕು ಎಂದು ಅವರೂ ಷರತ್ತು ಹಾಕಿದ್ದಾರೆ. ಆ ಎರಡು ವರ್ಷದ ಗಡುವು ಹತ್ತಿರ ಬರುತ್ತಿದೆ.

ಭಾಭಾ ಅವರ ಮೊದಲ ಸಂಶೋಧನೆ

1932 ಕೇಂಬ್ರಿಡ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ ದೊಡ್ಡ ವರ್ಷ. ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದದ್ದು ಅದೇ ವರ್ಷ, ಅಲ್ಲೇ. ಅಮೆರಿಕದಲ್ಲಿ ಆಂಡರ್ಸನ್ ಪಾಸಿಟ್ರಾನ್ ಎಂಬ ಕಣ ಕಂಡದ್ದೂ ಆ ವರ್ಷವೇ. ಪಾಸಿಟ್ರಾನ್ ಎಂದರೆ ಎಲೆಕ್ಟ್ರಾನಿನಷ್ಟೇ ತೂಕದ, ಆದರೆ ಧನ ವಿದ್ಯುದಂಶದ ಕಣ. ಭಾಭಾ ಸಂಶೋಧನೆ ಶುರು ಮಾಡಿದ್ದು ಈ ಸಂಭ್ರಮದ ನಡುವೆ. 1933ರಲ್ಲಿ ಅವರ ಮೊದಲ ಲೇಖನ ಜರ್ಮನ್ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದರ ವಿಷಯ ಕಾಸ್ಮಿಕ್ ಕಿರಣಗಳು ವಸ್ತುವಿನಲ್ಲಿ ಹೇಗೆ ಹೀರಿಕೊಳ್ಳಲ್ಪಡುತ್ತವೆ ಎಂಬುದು. ಕಾಸ್ಮಿಕ್ ಕಿರಣಗಳೆಂದರೆ ಆಕಾಶದಾಚೆಯಿಂದ ಹಗಲು ರಾತ್ರಿ ನಮ್ಮ ಮೇಲೆ ಸುರಿಯುವ ವೇಗದ ಕಣಗಳು. ಈಗ ನೀವು ಇದನ್ನು ಓದುತ್ತಿರುವಾಗಲೂ ಅವುಗಳಿಂದ ಹುಟ್ಟಿದ ಕಣಗಳು ನಿಮ್ಮ ಅಂಗೈಯ ಮೂಲಕ ಹಾದುಹೋಗುತ್ತಿವೆ.

1935ರಲ್ಲಿ ಅವರಿಗೆ ಪಿಎಚ್.ಡಿ. ಆಯಿತು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಒಂದಕ್ಕೊಂದು ಬಡಿದು ಚದುರುವುದನ್ನು ಅವರು ಲೆಕ್ಕ ಹಾಕಿ ತೋರಿಸಿದ ಲೇಖನ 1936ರಲ್ಲಿ ಬಂತು. ಅದಕ್ಕೆ ಇಂದಿಗೂ ಜಗತ್ತಿನಾದ್ಯಂತ ಭಾಭಾ ಸ್ಕ್ಯಾಟರಿಂಗ್ ಎಂದೇ ಹೆಸರು. ಈ ಲೆಕ್ಕ ಎಷ್ಟು ನಂಬಿಕೆಯದೆಂದರೆ, ಎಲೆಕ್ಟ್ರಾನ್-ಪಾಸಿಟ್ರಾನ್ ಡಿಕ್ಕಿ ಹೊಡೆಸುವ ದೊಡ್ಡ ಯಂತ್ರಗಳಲ್ಲಿ ಅದನ್ನೇ ತೂಕದ ಬಟ್ಟಿನಂತೆ ಬಳಸುತ್ತಾರೆ. ಭಾಭಾ ಹೇಳಿದ ರೀತಿಯ ಡಿಕ್ಕಿ ಎಷ್ಟಾಯಿತು ಎಂದು ಎಣಿಸಿದರೆ ಯಂತ್ರ ಎಷ್ಟು ಕೆಲಸ ಮಾಡಿತು ಎಂಬುದು ತಿಳಿಯುತ್ತದೆ. ಅಂಗಡಿಯಲ್ಲಿ ಬಟ್ಟು ಸರಿಯಿದ್ದರೆ ತಾನೇ ಅಕ್ಕಿಯ ತೂಕ ನಂಬುವುದು?

ಹೊಲದ ಪಾಲಿನಂತೆ ಕಣದ ಪಾಲು

1937ರಲ್ಲಿ ಭಾಭಾ ಮತ್ತು ಜರ್ಮನಿಯಿಂದ ಬಂದಿದ್ದ ವಾಲ್ಟರ್ ಹೈಟ್ಲರ್ ಸೇರಿ ಬರೆದ ಲೇಖನವೇ ಭಾಯಿಜಾನ್‌ನ ಪ್ರಾಜೆಕ್ಟಿನ ಬೇರು. ಅಮೆರಿಕದಲ್ಲಿ ಕಾರ್ಲ್‌ಸನ್ ಮತ್ತು ಒಪ್ಪನ್‌ಹೈಮರ್ ಕೂಡ ಅದೇ ವರ್ಷ ಬೇರೆಯಾಗಿ ಇದೇ ಉತ್ತರಕ್ಕೆ ಬಂದಿದ್ದರು. ಪ್ರಶ್ನೆ ಹೀಗಿತ್ತು: ಕಾಸ್ಮಿಕ್ ಕಿರಣ ಬಂದಾಗ ಒಂದರ ಬದಲು ಹತ್ತಾರು ಕಣಗಳು ಮಳೆಯಂತೆ ಒಟ್ಟಿಗೇ ಸುರಿಯುವುದು ಏಕೆ?

ನನಗೆ ಅರ್ಥವಾದದ್ದು ಹೊಲದ ಲೆಕ್ಕದಲ್ಲಿ. ಹಾನಗಲ್ಲಿನಲ್ಲಿ ಭತ್ತದ ಗದ್ದೆ ಇರುವವರ ಮನೆಯ ಮಾತು ಎಂದುಕೊಳ್ಳಿ. ಮುತ್ತಜ್ಜನಿಗೆ ಎಂಟು ಎಕರೆ. ಇಬ್ಬರು ಮಕ್ಕಳಿಗೆ ನಾಲ್ಕು ನಾಲ್ಕು ಎಕರೆ. ಅವರ ಮಕ್ಕಳಿಗೆ ಎರಡೆರಡು. ಮುಂದೆ ಒಂದೊಂದು, ಆಮೇಲೆ ಇಪ್ಪತ್ತು ಗುಂಟೆ, ಕೊನೆಗೆ ಹತ್ತು ಗುಂಟೆ. ಪಾಲುದಾರರು ಹೆಚ್ಚುತ್ತ ಹೋಗುತ್ತಾರೆ, ಒಬ್ಬೊಬ್ಬರ ಪಾಲು ಸಣ್ಣದಾಗುತ್ತ ಹೋಗುತ್ತದೆ. ಒಟ್ಟು ಹೊಲ ಮಾತ್ರ ಎಂಟೇ ಎಕರೆ. ಒಂದು ಹಂತ ದಾಟಿದ ಮೇಲೆ ಪಾಲು ಮಾಡುವುದರಲ್ಲಿ ಅರ್ಥವೇ ಇರುವುದಿಲ್ಲ, ಅಲ್ಲಿಗೆ ನಿಲ್ಲುತ್ತದೆ.

ಸೀಸದೊಳಗೂ ಹೀಗೆಯೇ. ವೇಗವಾಗಿ ನುಗ್ಗಿದ ಎಲೆಕ್ಟ್ರಾನ್ ಪರಮಾಣುವಿನ ಹತ್ತಿರ ಹಾಯುವಾಗ ತನ್ನ ಶಕ್ತಿಯ ಪಾಲೊಂದನ್ನು ಬೆಳಕಿನ ಕಣಕ್ಕೆ, ಅಂದರೆ ಫೋಟಾನಿಗೆ ಕೊಡುತ್ತದೆ. ಆ ಫೋಟಾನ್ ಮುಂದೆ ಹೋಗಿ ಒಂದು ಎಲೆಕ್ಟ್ರಾನ್ ಮತ್ತು ಒಂದು ಪಾಸಿಟ್ರಾನ್ ಆಗಿ ಒಡೆಯುತ್ತದೆ. ಅವೆರಡೂ ಮತ್ತೆ ಫೋಟಾನುಗಳನ್ನು ಹುಟ್ಟಿಸುತ್ತವೆ. ಸೀಸದಲ್ಲಿ ಇಂಥ ಒಂದೊಂದು ಹಂತಕ್ಕೆ ಸುಮಾರು ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ದಾರಿ ಸಾಕು. ಒಂದು ಎರಡಾಗಿ, ಎರಡು ನಾಲ್ಕಾಗಿ, ಏಳನೆಯ ಹಂತಕ್ಕೆ 128 ಆಗುತ್ತವೆ. ಒಳಬಂದ ಕಣದ ಶಕ್ತಿ 1000 ಎಂದಿಟ್ಟುಕೊಂಡರೆ ಒಂದೊಂದರ ಪಾಲಿಗೆ 8ಕ್ಕಿಂತ ಕಡಿಮೆ ಬರುತ್ತದೆ. ಅಲ್ಲಿಗೆ ಹೊಸ ಕಣ ಹುಟ್ಟಿಸುವ ತ್ರಾಣ ಮುಗಿದು ಮಳೆ ನಿಧಾನಕ್ಕೆ ನಿಲ್ಲುತ್ತದೆ. ನಿಜದಲ್ಲಿ ಪ್ರತಿ ಸಲವೂ ಪಾಲು ಸರಿಸಮ ಇರುವುದಿಲ್ಲ, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಅದಕ್ಕಾಗಿಯೇ ಇಂದು ಕಂಪ್ಯೂಟರ್ ಪ್ರತಿ ಹಂತದಲ್ಲೂ ದಾಳ ಉರುಳಿಸಿದಂತೆ ಒಂದು ಸಂಖ್ಯೆ ತೆಗೆದು, ಸಾವಿರಾರು ಸಲ ಅದೇ ಆಟ ಆಡಿ, ಸರಾಸರಿ ತೆಗೆಯುತ್ತದೆ. ಭಾಭಾ ಅವರ ಕಾಲದಲ್ಲಿ ಆ ಸೌಕರ್ಯವಿರಲಿಲ್ಲ. ಕಾಗದ, ಪೆನ್ನು, ಗಣಿತ ಇಷ್ಟರಲ್ಲೇ ಮಾಡಿದರು.

ಮರುವರ್ಷ, 1938ರಲ್ಲಿ, ಅವರು ಇನ್ನೊಂದು ಚಂದದ ಮಾತು ಸೂಚಿಸಿದರು. ಕಾಸ್ಮಿಕ್ ಕಿರಣಗಳಲ್ಲಿ ಎಲೆಕ್ಟ್ರಾನಿಗಿಂತ ಭಾರದ ಒಂದು ಕಣ ಸಿಕ್ಕಿತ್ತು. ಇಂದು ಅದನ್ನು ಮ್ಯುವಾನ್ ಎನ್ನುತ್ತೇವೆ. ಇಂಥ ಕಣ ಬೇಗ ಒಡೆದುಹೋಗುವಂಥದ್ದಾದರೆ, ವೇಗವಾಗಿ ಓಡುವಾಗ ಅದರ ಆಯುಷ್ಯ ನಮ್ಮ ಗಡಿಯಾರಕ್ಕೆ ಹೆಚ್ಚಾಗಿ ಕಾಣಬೇಕು, ಐನ್‌ಸ್ಟೈನ್ ಹೇಳಿದ್ದನ್ನು ಹೀಗೆ ಪರೀಕ್ಷಿಸಬಹುದು ಎಂಬುದು ಅವರ ಸೂಚನೆ. ಮ್ಯುವಾನಿನ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದ ಎರಡು ಭಾಗದಷ್ಟು. ಅಷ್ಟರಲ್ಲಿ ಬೆಳಕಿನ ವೇಗದಲ್ಲಿ ಓಡಿದರೂ ಮುಕ್ಕಾಲು ಕಿಲೋಮೀಟರ್ ದಾಟಲಾಗದು. ಆದರೂ ಹತ್ತಾರು ಕಿಲೋಮೀಟರ್ ಮೇಲೆ ಹುಟ್ಟಿದ ಮ್ಯುವಾನುಗಳು ನೆಲ ಮುಟ್ಟುತ್ತವೆ. ಅವರ ಸೂಚನೆ ನಿಜವೆಂದು ಮುಂದೆ ಪ್ರಯೋಗಗಳಲ್ಲಿ ಗೊತ್ತಾಯಿತು.

ಬೆಂಗಳೂರಿನ ವರ್ಷಗಳು

1939ರಲ್ಲಿ ಭಾಭಾ ರಜೆಗೆಂದು ಭಾರತಕ್ಕೆ ಬಂದರು. ಸೆಪ್ಟೆಂಬರಿನಲ್ಲಿ ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ಹಿಂದಿರುಗುವ ದಾರಿ ಮುಚ್ಚಿತು. ಅವರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಕೆಲಸವೆಲ್ಲ ಇಂಗ್ಲೆಂಡಿನಲ್ಲಿ, ಗೆಳೆಯರೆಲ್ಲ ಅಲ್ಲಿ. ಟಾಟಾ ಟ್ರಸ್ಟಿನ ನೆರವಿನಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರಿಗಾಗಿ ರೀಡರ್ ಹುದ್ದೆಯೊಂದು ಏರ್ಪಾಡಾಯಿತು. ಅಲ್ಲಿ ಭೌತಶಾಸ್ತ್ರ ವಿಭಾಗದಲ್ಲಿದ್ದವರು ಸರ್ ಸಿ. ವಿ. ರಾಮನ್. ವಿಕ್ರಮ್ ಸಾರಾಭಾಯಿ ಕೂಡ ಯುದ್ಧದ ಕಾರಣದಿಂದಲೇ ಕೇಂಬ್ರಿಡ್ಜ್ ಬಿಟ್ಟು ಬಂದು ಅಲ್ಲೇ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡುತ್ತಿದ್ದರು. ಒಬ್ಬರು ಮುಂದೆ ಪರಮಾಣು ಶಕ್ತಿಯ, ಇನ್ನೊಬ್ಬರು ಬಾಹ್ಯಾಕಾಶದ ಕೆಲಸಕ್ಕೆ ದೇಶದಲ್ಲಿ ಅಡಿಪಾಯ ಹಾಕಿದರು. ಇಬ್ಬರ ದಾರಿಯೂ ಬೆಂಗಳೂರಿನ ಒಂದೇ ಅಂಗಳದಿಂದ ಹೊರಟಿದ್ದು ನಮ್ಮ ರಾಜ್ಯದವರು ನೆನಪಿಡಬೇಕಾದ ಸಂಗತಿ.

1941ರಲ್ಲಿ ಭಾಭಾ ಅವರನ್ನು ಲಂಡನ್ನಿನ ರಾಯಲ್ ಸೊಸೈಟಿ ಫೆಲೋ ಆಗಿ ಆರಿಸಿತು. ಬೆಂಗಳೂರಿನಲ್ಲಿ ಅವರು ಕಾಸ್ಮಿಕ್ ಕಿರಣಗಳ ಸಂಶೋಧನಾ ಘಟಕವೊಂದನ್ನು ಕಟ್ಟಿದರು. ಅಲ್ಲಿಯವರೆಗೆ ಕಾಗದದ ಮೇಲೆ ಲೆಕ್ಕ ಮಾಡುತ್ತಿದ್ದವರು ಉಪಕರಣಗಳತ್ತ ತಿರುಗಿದ್ದು ಇಲ್ಲೇ. ಗೈಗರ್ ಕೌಂಟರುಗಳನ್ನು ಒಂದರ ಮೇಲೊಂದು ಜೋಡಿಸಿದ ಉಪಕರಣವನ್ನು ವಿಮಾನದಲ್ಲಿ ಎತ್ತರಕ್ಕೆ ಕಳಿಸಿ, ಸುಮಾರು 30,000 ಅಡಿ ಎತ್ತರದಲ್ಲಿ ಕಣಗಳನ್ನು ಎಣಿಸಿದರು. ಬೆಂಗಳೂರು ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರವಿದೆ. ಕಡಿಮೆ ಶಕ್ತಿಯ ಕಣಗಳನ್ನು ಭೂಮಿಯ ಕಾಂತಶಕ್ತಿ ಇಲ್ಲಿ ಹೊರಗೇ ತಡೆಯುತ್ತದೆ. ಆದ್ದರಿಂದ ಇಲ್ಲಿನ ಅಳತೆಗೆ ಬೇರೆಯೇ ಬೆಲೆಯಿತ್ತು.

ಯುದ್ಧ ಮುಗಿದರೆ ಹಿಂದಿರುಗಬೇಕೆಂಬ ಯೋಚನೆ ಮೊದಲಲ್ಲಿ ಅವರಿಗೂ ಇತ್ತು.  ಆದರೆ ಬೆಂಗಳೂರಿನ ಈ ವರ್ಷಗಳಲ್ಲಿ ಅವರ ಮನಸ್ಸು ತಿರುಗಿತು. ದೊಡ್ಡ ಸಂಶೋಧನೆಗಾಗಿ ಹುಡುಗರು ಹಡಗು ಹತ್ತುವ ಬದಲು ಆ ಸಂಶೋಧನೆಯೇ ಇಲ್ಲಿ ನಡೆಯುವಂತೆ ಮಾಡಬೇಕು ಎಂಬ ತೀರ್ಮಾನಕ್ಕೆ ಬಂದರು. 1944ರ ಮಾರ್ಚ್ 12ರಂದು ದೋರಾಬ್‌ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದು, ಮೂಲ ಭೌತಶಾಸ್ತ್ರಕ್ಕಾಗಿಯೇ ಒಂದು ಸಂಸ್ಥೆ ಬೇಕು ಎಂದು ಕೇಳಿದರು. ಮುಂದೊಂದು ದಿನ ದೇಶಕ್ಕೆ ಪರಮಾಣು ವಿದ್ಯುತ್ ಬೇಕಾದಾಗ ತಜ್ಞರನ್ನು ಹೊರಗೆ ಹುಡುಕುವ ಅಗತ್ಯ ಬರಬಾರದು ಎಂದು ಅದರಲ್ಲೇ ಬರೆದಿದ್ದರು. ಜಪಾನಿನ ಮೇಲೆ ಬಾಂಬ್ ಬೀಳಲು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲವಿತ್ತು!

ಟ್ರಸ್ಟ್ ಒಪ್ಪಿತು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿ, ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಶುರುವಾಯಿತು. ಅದೇ ವರ್ಷದ ಕೊನೆಗೆ ಮುಂಬಯಿಗೆ ಹೋಯಿತು. ಮುಂಬಯಿಯಲ್ಲಿ ಅದಕ್ಕೆ ಮೊದಲು ಸಿಕ್ಕ ಜಾಗ ಭಾಭಾ ಹುಟ್ಟಿದ ಬಂಗಲೆಯೇ.

ಕೋಲಾರದ ಆಳದಲ್ಲಿ

ಭಾಭಾ ಮುಂಬಯಿಗೆ ಹೋದರೂ ಕರ್ನಾಟಕ ಬಿಡಲಿಲ್ಲ. ಕೋಲಾರದ ಚಿನ್ನದ ಗಣಿ ಆಗ ಜಗತ್ತಿನ ಅತಿ ಆಳದ ಗಣಿಗಳಲ್ಲೊಂದಾಗಿತ್ತು. ನೆಲದೊಳಗೆ ಇಳಿದಂತೆ ಬಂಡೆ ಒಂದೊಂದೇ ಕಣವನ್ನು ತಡೆಯುತ್ತದೆ. ಎಷ್ಟು ಆಳಕ್ಕೆ ಎಷ್ಟು ಮ್ಯುವಾನ್ ಉಳಿಯುತ್ತವೆ ಎಂದು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕೆ? 1951ರ ಸುಮಾರಿಗೆ ಈ ಕೆಲಸಕ್ಕೆ ಭಾಭಾ ಕಳಿಸಿದ್ದು ನಂಜನಗೂಡಿನಲ್ಲಿ ಹುಟ್ಟಿದ ಯುವಕ ಬಿ. ವಿ. ಶ್ರೀಕಂಠನ್ ಅವರನ್ನು. ಅವರು ಉಪಕರಣ ಹೊತ್ತು ಗಣಿಗಿಳಿದು, ಬೇರೆ ಬೇರೆ ಆಳದಲ್ಲಿ ಮ್ಯುವಾನುಗಳನ್ನು ಎಣಿಸಿದರು. ಒಬ್ಬ ವಿದ್ಯಾರ್ಥಿಯ ಆರಂಭದ ಸಂಶೋಧನೆ ಅದು. ಅದರಿಂದಲೇ ಅವರಿಗೆ ಪಿಎಚ್.ಡಿ. ಸಿಕ್ಕಿತು. ಮುಂದೆ 1975ರಲ್ಲಿ ಅವರು ಟಾಟಾ ಸಂಸ್ಥೆಯ ನಿರ್ದೇಶಕರೇ ಆದರು.

1960ರ ನಂತರ ಇನ್ನೂ ಆಳಕ್ಕೆ ಇಳಿದರು. ಎಲ್ಲಕ್ಕಿಂತ ಆಳದ ಜಾಗದಲ್ಲಿ ಉಪಕರಣವನ್ನು ಎರಡು ತಿಂಗಳು ಇಟ್ಟರೂ ಒಂದು ಮ್ಯುವಾನ್ ಕೂಡ ಬರಲಿಲ್ಲ. ನಾವಾದರೆ ಪ್ರಯೋಗ ಕೆಟ್ಟಿತು ಎಂದು ಕೈ ತೊಳೆಯುತ್ತಿದ್ದೆವು. ಅವರಿಗೆ ಆ ಸೊನ್ನೆಯೇ ಸುದ್ದಿಯಾಯಿತು. ಬೇರೆ ಯಾವ ಕಣದ ಗದ್ದಲವೂ ಇಲ್ಲದ ಜಾಗ ಸಿಕ್ಕಿತೆಂದರೆ ಅಲ್ಲಿ ನ್ಯೂಟ್ರಿನೋ ಹುಡುಕಬಹುದು.

ನ್ಯೂಟ್ರಿನೋ ಕಥೆ ಕಾಮರ್ಸಿನವರಿಗೆ ಬೇಗ ತಿಳಿಯುತ್ತದೆ. ನಮ್ಮ ತಾಳೆ ಪಟ್ಟಿ ಹೊಂದದಿದ್ದರೆ ಏನು ಮಾಡುತ್ತೇವೆ? ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ತಪ್ಪು ಎಲ್ಲಿದೆ ಎಂದು ಹುಡುಕುತ್ತೇವೆ. 1930ರಲ್ಲಿ ವಿಜ್ಞಾನಿಗಳಿಗೂ ಇದೇ ಗತಿಯಾಗಿತ್ತು. ಕೆಲವು ಪರಮಾಣುಗಳು ಎಲೆಕ್ಟ್ರಾನ್ ಹೊರಹಾಕುವಾಗ ಶಕ್ತಿಯ ಲೆಕ್ಕ ಹೊಂದುತ್ತಿರಲಿಲ್ಲ. ಪೌಲಿ ಎಂಬ ವಿಜ್ಞಾನಿ, ಕಣ್ಣಿಗೆ ಬೀಳದ ಒಂದು ಕಣ ಉಳಿದ ಶಕ್ತಿಯನ್ನು ಒಯ್ಯುತ್ತಿರಬೇಕು ಎಂದು ಊಹಿಸಿದರು. ಅದೇ ಅವರ ಸಸ್ಪೆನ್ಸ್ ಖಾತೆ. 1956ರಲ್ಲಿ ಅಮೆರಿಕದ ರಿಯಾಕ್ಟರೊಂದರ ಬಳಿ ಆ ಕಣ ಸಿಕ್ಕು ಖಾತೆ ಚುಕ್ತಾ ಆಯಿತು. ಆದರೆ ಕಾಸ್ಮಿಕ್ ಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋವನ್ನು ಇನ್ನೂ ಯಾರೂ ಹಿಡಿದಿರಲಿಲ್ಲ. 1965ರಲ್ಲಿ ಕೋಲಾರದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಸಂಸ್ಥೆಯವರೂ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮಿನವರೂ ಸೇರಿ ಅದರ ಗುರುತು ಹಿಡಿದರು. ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಇದೇ ಪ್ರಯತ್ನ ನಡೆಸಿದ್ದ ತಂಡದ ವರದಿಗಿಂತ ಕೆಲವೇ ದಿನ ಮುಂಚೆ ಕೋಲಾರದ ವರದಿ ಪ್ರಕಟವಾಯಿತು. ಚಿನ್ನ ತೆಗೆಯುವ ಕಾರ್ಮಿಕರು ಕೊರೆದ ಸುರಂಗದಲ್ಲಿ ಸಿಕ್ಕ ಈ ಫಲವನ್ನು ಭಾಭಾ ಕಣ್ಣಾರೆ ಕಂಡರು. ಆಗ ಅವರಿಗೆ ಉಳಿದಿದ್ದದ್ದು ಕೆಲವೇ ತಿಂಗಳು.

ದೇಶದ ಕೆಲಸ

ಪರೀಕ್ಷೆಗೆ ಬೇಕಾದ ಭಾಭಾ ನಮಗೆಲ್ಲ ಗೊತ್ತಿರುವುದರಿಂದ ಆ ಭಾಗವನ್ನು ಚಿಕ್ಕದಾಗಿ ಹೇಳುತ್ತೇನೆ. 1948ರ ಆಗಸ್ಟಿನಲ್ಲಿ ಪರಮಾಣು ಶಕ್ತಿ ಆಯೋಗ ರಚನೆಯಾಯಿತು, ಭಾಭಾ ಅದರ ಅಧ್ಯಕ್ಷರಾದರು. 1954ರಲ್ಲಿ ಟ್ರಾಂಬೆಯ ಕೇಂದ್ರ ಆರಂಭವಾಯಿತು, ಅದೇ ವರ್ಷ ಅವರಿಗೆ ಪದ್ಮಭೂಷಣ ಬಂತು. 1955ರಲ್ಲಿ ಜಿನೀವಾದಲ್ಲಿ ಪರಮಾಣು ಶಕ್ತಿಯ ಶಾಂತಿಯುತ ಬಳಕೆ ಕುರಿತು ವಿಶ್ವಸಂಸ್ಥೆ ನಡೆಸಿದ ಮೊದಲ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1956ರ ಆಗಸ್ಟ್ 4ರಂದು ದೇಶದ ಮೊದಲ ರಿಯಾಕ್ಟರ್ ಅಪ್ಸರಾ ಕೆಲಸ ಶುರು ಮಾಡಿತು.

ಇಷ್ಟೆಲ್ಲದರ ನಡುವೆ ಅವರು ಚಿತ್ರ ಬರೆದರು, ಪಾಶ್ಚಾತ್ಯ ಸಂಗೀತ ಕೇಳಿದರು, ಟಾಟಾ ಸಂಸ್ಥೆಯ ಗೋಡೆಗಳಿಗಾಗಿ ಭಾರತೀಯ ಕಲಾವಿದರ ಚಿತ್ರಗಳನ್ನು ಆರಿಸಿ ಕೊಂಡರು. ಕಟ್ಟಡಕ್ಕೋ ರಸ್ತೆಗೋ ಮರ ಅಡ್ಡ ಬಂದರೆ ಕಡಿಯಲು ಬಿಡುತ್ತಿರಲಿಲ್ಲ, ಬೇರುಸಹಿತ ಎತ್ತಿಸಿ ಬೇರೆ ಕಡೆ ನೆಡಿಸುತ್ತಿದ್ದರು. ಸವಣೂರಿನ ದೊಡ್ಡ ಹುಣಸೆ ಮರಗಳ ಕೆಳಗೆ ನಿಂತವರಿಗೆ ಈ ಪ್ರೀತಿ ಅರ್ಥವಾಗುತ್ತದೆ. ಅವರು ಮದುವೆಯಾಗಲಿಲ್ಲ.

1966ರ ಜನವರಿ 24ರಂದು ಅವರು ವಿಯೆನ್ನಾದ ಸಭೆಯೊಂದಕ್ಕೆ ಹೊರಟಿದ್ದರು. ಏರ್ ಇಂಡಿಯಾದ ಕಾಂಚನಜುಂಗಾ ವಿಮಾನ ಜಿನೀವಾಕ್ಕೆ ಇಳಿಯುವ ಮುನ್ನ ಆಲ್ಪ್ಸ್ ಪರ್ವತದ ಮೌಂಟ್ ಬ್ಲಾಂಕಿಗೆ ಬಡಿಯಿತು. ಅದರಲ್ಲಿದ್ದ 117 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಭಾಭಾ ಅವರಿಗೆ ಆಗ 56. ಎರಡು ವಾರದ ಹಿಂದೆಯಷ್ಟೇ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ತೀರಿಕೊಂಡಿದ್ದರು. ಇಂದಿರಾ ಗಾಂಧಿ ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡದ್ದೂ ಅದೇ ದಿನ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಭಾಭಾ ಅವರ ಹೆಸರಿಟ್ಟರು.

ಕೊನೆಯ ಮಾತು

ಭಾಯಿಜಾನ್‌ನ ಲೆಕ್ಕ ಏನಾಯಿತು ಎಂದು ಹೇಳದೆ ಮುಗಿಸಿದರೆ ನೀವು ಬಿಡುವುದಿಲ್ಲ. ಅವನು ಸೀಸದ ಗಟ್ಟಿಯನ್ನು ಐದು ಸೆಂಟಿಮೀಟರ್ ದಪ್ಪ ಇಟ್ಟಿದ್ದ. ಒಳಗೆ ಹೋದ ಶಕ್ತಿ 1000, ಒಳಗೆ ಸಿಕ್ಕಿದ್ದು ಅದಕ್ಕಿಂತ ಸಾಕಷ್ಟು ಕಡಿಮೆ. ಎರಡು ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದ. ಜಮೆಯಾಗದ ಹಣ ಖರ್ಚಾಗಿರಬೇಕು, ಹೊರಗೆ ಹೋದದ್ದಕ್ಕೆ ಒಂದು ಖಾತೆ ಇಟ್ಟಿದ್ದೀಯಾ ಎಂದು ನಾನು ಸುಮ್ಮನೆ ಕೇಳಿದೆ. ಅವನು ನನ್ನ ಮುಖ ನೋಡಿದ. ಗಟ್ಟಿಯ ಹಿಂದೆ ಎಣಿಕೆಯ ಒಂದು ತೆಳು ಪದರ ಸೇರಿಸಿದ. ಕಾಣೆಯಾದ ಶಕ್ತಿ ಅಲ್ಲಿಂದಲೇ ಹಿಂಬಾಗಿಲಲ್ಲಿ ಸೋರುತ್ತಿತ್ತು. ಕಣಗಳ ಸಂಖ್ಯೆ ಏಳನೆಯ ಹಂತದ ಹೊತ್ತಿಗೆ ತುದಿ ಮುಟ್ಟಿದರೂ ಮಳೆ ಪೂರ್ತಿ ನಿಲ್ಲಲು ಅದರ ಮೂರು ಪಟ್ಟು ದಪ್ಪ ಬೇಕೆಂಬುದು ಅವನ ತಲೆಯಿಂದ ಜಾರಿತ್ತು. ದಪ್ಪವನ್ನು ಹದಿನೈದು ಸೆಂಟಿಮೀಟರಿಗೆ ಏರಿಸಿದ. ಲೆಕ್ಕ ಬಹುತೇಕ ಕೂಡಿ ಬಂತು. ಇದರಲ್ಲಿ ನನ್ನ ಜಾಣತನವೇನಿಲ್ಲ, ಅಕೌಂಟೆನ್ಸಿ ಮೇಡಂ ಕಲಿಸಿದ ಅಭ್ಯಾಸ ಅಷ್ಟೇ. ಆದರೆ ಸೈನ್ಸ್ ತೆಗೆದುಕೊಳ್ಳದವರಿಗೆ ಸೈನ್ಸ್ ಬೇಡ ಎಂದು ನಾನು ಇನ್ನು ಒಪ್ಪುವುದಿಲ್ಲ.

ಪ್ರಾಜೆಕ್ಟ್ ಸಲ್ಲಿಕೆಯಾಗಿದೆ. ಮುಂದಿನ ಓದಿಗೆ ಎರಡು ಕಡೆ ಅರ್ಜಿ ಹಾಕಿದ್ದಾನೆ, ಉತ್ತರ ಇನ್ನೂ ಬಂದಿಲ್ಲ. ಇದರಿಂದ ಏನು ಉಪಯೋಗ ಎಂದು ಖಾಲು ಈಗಲೂ ಕೇಳುತ್ತಾರೆ. ಅವರ ಪ್ರಶ್ನೆಯೂ ತಪ್ಪಲ್ಲ. ಭಾಭಾ ಅವರ ತಂದೆಯ ಹತ್ತಿರ ಇದ್ದಷ್ಟು ಹಣ ಅವರ ಹತ್ತಿರ ಇಲ್ಲ. ಆದರೂ ಎರಡು ವರ್ಷ ಕೊಟ್ಟರಲ್ಲ, ಆ ಎರಡು ವರ್ಷದ ಬೆಲೆ ನನಗೆ ಈ ಲೇಖನ ಬರೆಯುವಾಗ ತಿಳಿಯಿತು. ಖಾಲು ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದುವುದು ಮಾತ್ರ ನಿಧಾನ. ಈ ಸಂಚಿಕೆ ಅಚ್ಚಾಗಿ ಬಂದ ದಿನ ಅಂಗಡಿಗೆ ಹೋಗಿ ನಾನೇ ಓದಿ ಹೇಳಬೇಕೆಂದಿದ್ದೇನೆ.